ಓದುಗರ ಪ್ರಶ್ನೆ: ಧಕ್ಕೆಯ ಮುಖ, ಚೌಕಿಯ ಕನ್ನಡಿ

ಪ್ರಶ್ನೆ: ಬೈತಖೋಲ್ ಬಂದರಿನ ಧಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆ) ಬಲೆ ಸರಿಮಾಡುವ ಗಂಡಸರ ಫೋಟೋ ತೆಗೆಯುತ್ತೇನೆ. ಹಳೇ 50 ಎಂಎಂ ಮ್ಯಾನುವಲ್ ಲೆನ್ಸ್, 400 ಐಎಸ್ಒ (ಬೆಳಕು ಹಿಡಿಯುವ ವೇಗ) ಕಪ್ಪು-ಬಿಳುಪು ರೀಲು. ಫೋಕಸ್ ಕೂಡುವಷ್ಟರಲ್ಲಿ ಅವರು ನನ್ನತ್ತ ನೋಡಿ ಹಲ್ಲು ಕಿರಿಯುತ್ತಾರೆ. ಸಹಜವಾಗಿ ಸಿಕ್ಕ ನಾಲ್ಕಾರು ಮುಖಗಳೂ ಮಸಿಯಂತೆ ಬಂದಿವೆ. — ಓದುಗರು, ಕಾರವಾರ

ಉತ್ತರ: ಕ್ಯಾಮೆರಾ ಕಣ್ಣಿಗೇರಿಸಿದ ಮೇಲೆ ಫೋಕಸ್ ಹುಡುಕುತ್ತಿದ್ದೀರಿ. ಆ ಕೆಲಸ ಮೊದಲೇ ಮುಗಿದಿರಬೇಕು. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ; ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು) 8ಕ್ಕಿಡಿ, ಫೋಕಸ್ ರಿಂಗನ್ನು 3 ಮೀಟರಿಗೆ ತಿರುಗಿಸಿ ಬಿಟ್ಟುಬಿಡಿ. ಸುಮಾರು 2.3ರಿಂದ 4.2 ಮೀಟರಿನೊಳಗೆ ಇರುವುದೆಲ್ಲ ಚೆನ್ನಾಗಿ ಮೂಡುತ್ತದೆ. ಆಮೇಲೆ ಹೊಂದಿಸಬೇಕಾದ್ದು ನಿಮ್ಮ ಕಾಲು ಮಾತ್ರ. ಅಂದಾಜು ಸಿಗದಿದ್ದರೆ ಹೀಗೆ ನೋಡಿ: ಕ್ಯಾಮೆರಾ ಅಡ್ಡ ಹಿಡಿದಾಗ ನಿಂತ ಗಂಡಸು ನೆತ್ತಿಯಿಂದ ಮೊಣಕಾಲಿನವರೆಗೆ ಚೌಕಟ್ಟು ತುಂಬಿದರೆ ಸುಮಾರು 3 ಮೀಟರ್. ಅಪರ್ಚರ್ 2ಕ್ಕೆ ತೆರೆದು ಹಿನ್ನೆಲೆ ಕರಗಿಸುವ ಆಸೆ ಧಕ್ಕೆಯಲ್ಲಿ ಬೇಡ. ಬೋಟು, ಹಗ್ಗ, ಮೀನಿನ ಬುಟ್ಟಿ ಕಾಣಲಿ.

ಮುಖ ಕಪ್ಪಾಗಿದ್ದು ಬೆಳಕು ಅಳೆಯುವ ಮೀಟರಿನಿಂದ. ಅದು ಓದಿದ್ದು ಬೆನ್ನ ಹಿಂದಿನ ಹೊಳೆಯುವ ನೀರನ್ನು, ಮುಖವನ್ನಲ್ಲ. ಅವರ ಮೇಲೆ ಬಿದ್ದಿರುವಂಥದ್ದೇ ಬೆಳಕಿನಲ್ಲಿ ನಿಮ್ಮ ಅಂಗೈ ಹಿಡಿದು ಮೀಟರ್ ಓದಿಸಿ, ಬಂದ ಅಳತೆಗಿಂತ ಒಂದು ಸ್ಟಾಪ್ (ಅಂದರೆ ಎರಡರಷ್ಟು ಬೆಳಕು) ಹೆಚ್ಚು ಕೊಡಿ. ತೆರೆದ ನೆರಳಿನಲ್ಲಿ 8ಕ್ಕೆ ಶಟರ್ 1/250 ಸೆಕೆಂಡಿನ ಹತ್ತಿರ ಬರುತ್ತದೆ. ಬಟಾಬಯಲ ಬಿಸಿಲಿಗೆ 8 ಇಟ್ಟರೆ 1/2000 ಬೇಕು, ಹಳೇ ಕ್ಯಾಮೆರಾಗಳಲ್ಲಿ ಹಲವು 1/1000ಕ್ಕೇ ನಿಲ್ಲುತ್ತವೆ. ಅಲ್ಲಿ 16ಕ್ಕೆ ಹೋಗಿ 1/500 ಇಡಿ. ಹಿಂದಿನ ಆಕಾಶ ಬೆಳ್ಳಗಾದರೆ ಆಗಲಿ, ನೆಗೆಟಿವ್ ತಡೆದುಕೊಳ್ಳುತ್ತದೆ. ಕಡಿಮೆ ಬೆಳಕು ಬಿದ್ದ ಮುಖವನ್ನು ಮಾತ್ರ ಯಾವ ಲ್ಯಾಬೂ ಮರಳಿ ತರಲಾರದು.

ಹಲ್ಲು ಕಿರಿಯುವುದಕ್ಕೆ ಮದ್ದು ಸಮಯ. ಕೇಳಿಕೊಂಡು ಪಕ್ಕದಲ್ಲಿ ಕೂರಿ, ಅರ್ಧ ಗಂಟೆ ಕ್ಯಾಮೆರಾ ಮಡಿಲಲ್ಲೇ ಇರಲಿ. ಕೈ ಮತ್ತೆ ಬಲೆಗೆ ಹೋದಾಗ ಎತ್ತಿ. (ನೌಕಾನೆಲೆಯ ಕಡೆ ಲೆನ್ಸ್ ತಿರುಗಿಸಬೇಡಿ.)

ಪ್ರಶ್ನೆ: ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಚ್ಚುವವರನ್ನು ಕನ್ನಡಿಯಲ್ಲಿ ಹಿಡಿದರೆ ಕನ್ನಡಿಯ ಅಂಚು ಸ್ಪಷ್ಟ, ಮುಖ ಮಂಜು. ಯಾಕೆ? — ಓದುಗರು, ಶಿರಸಿ

ಉತ್ತರ: ಪ್ರತಿಬಿಂಬ ಇರುವುದು ಗಾಜಿನ ಮೇಲಲ್ಲ, ಅದರಾಚೆ. ಕನ್ನಡಿ ನಿಮಗೆ 1.5 ಮೀಟರ್, ವೇಷಧಾರಿ ಕನ್ನಡಿಗೆ ಅರ್ಧ ಮೀಟರ್ ದೂರವಿದ್ದರೆ ರಿಂಗು 2 ಮೀಟರಿಗಿರಬೇಕು. ಅಪರ್ಚರ್ 2ರಲ್ಲಿ ಸ್ಪಷ್ಟವಾಗುವ ಆಳ ಒಂದು ಗೇಣೂ ಇಲ್ಲ. ರಿಂಗು ಮುಟ್ಟದೆ ಸೊಂಟದಿಂದ ತುಸು ಮುಂದೆ-ಹಿಂದೆ ಬಾಗಿ, ಕಣ್ಣಿನ ಕಪ್ಪು ಗೆರೆ ಚೂಪಾದಾಗ ಒತ್ತಿ.

ಬಲ್ಬಿನ ಬೆಳಕಿಗೆ 400 ಸಾಲದು. ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು (ಇದೂ 400ರದೇ) ಇಡೀ ರೀಲು ಮೀಟರಿನಲ್ಲಿ 1600 ಇಟ್ಟುಕೊಂಡೇ ತೆಗೆಯಿರಿ. 2ಕ್ಕೆ 1/60ರ ಆಸುಪಾಸು ಸಿಗುತ್ತದೆ. ಐಡಿ-11 ಡೆವಲಪರಿನ ಸ್ಟಾಕಿನಲ್ಲಿ (ಮತ್ತೆ ನೀರು ಬೆರೆಸದ ದ್ರಾವಣ) 20 ಡಿಗ್ರಿಗೆ, 400ಕ್ಕೆ ಬೇಕಾಗುವ 7.5 ನಿಮಿಷದ ಬದಲು 14 ನಿಮಿಷ ತೊಳೆಯಬೇಕು. ನಮ್ಮ ನಲ್ಲಿಯ ನೀರು 20 ಡಿಗ್ರಿ ಎಲ್ಲಿ ಬಂತು! ಡೆವಲಪರ್ ಬಾಟಲಿಯನ್ನು ಐಸ್ ಹಾಕಿದ ಬಕೆಟ್ಟಿನಲ್ಲಿಟ್ಟು ಥರ್ಮಾಮೀಟರ್ ನೋಡಿ. ಬಿಸಿಯಾಗಿದ್ದರೆ ಬಣ್ಣ ಬಳಿದ ಹಣೆ, ಕೆನ್ನೆಗಳೆಲ್ಲ ಸುಣ್ಣದಂತಾಗುತ್ತವೆ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು. — ಓದುಗರು, ಕುಮಟಾ

ಉತ್ತರ: ಚರ್ಮದ ಚೀಲದಿಂದ ಮೊದಲು ಹೊರತೆಗೆಯಿರಿ, ತೇವ ಹಿಡಿದಿಡುವುದೇ ಅದು. ಬಿಗಿ ಮುಚ್ಚಳದ ಡಬ್ಬಿ, ಜೊತೆಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿ ನೀಲಿಗೆ ತನ್ನಿ, ಆ ಬಾಣಲೆ ಅಡುಗೆಗೆ ಬೇಡ. ಜೇಡರ ಬಲೆಯಂಥ ಎಳೆ ಗಾಜಿನ ಒಳಗೆ ಕಂಡರೆ ರಿಪೇರಿಯವರಿಗೇ ಕೊಡಿ, ಉಳಿದ ಲೆನ್ಸುಗಳನ್ನು ಬೇರೆ ಇಡಿ.