ಬಿಸಿಯಾಗುವ ಮುಂಗಾಜಿನ ಕಾರಿಗೆ ಡಿಜಿಟಲ್ ರೇಡಿಯೊ ಜೋಡಣೆ

ಲಂಡನ್ನಿನಲ್ಲಿರುವ ನಿಮ್ಮ ಹಳೆಯ ಫೋರ್ಡ್ ಫೋಕಸ್ ಕಾರಿಗೆ ಡಿಎಬಿ, ಅಂದರೆ ಡಿಜಿಟಲ್ ರೇಡಿಯೊ ಪ್ರಸಾರ, ಹಿಡಿಯುವ ಅಡಾಪ್ಟರ್ ಹಾಕಿಸಿ, ಆಂಟೆನಾವನ್ನು ಮುಂಗಾಜಿಗೆ ಅಂಟಿಸಿದ್ದರೂ ಧ್ವನಿ ಕಡಿಕಡಿದು ಬರುತ್ತಿದೆ, ತಂತಿಗಳೂ ಜೋತಾಡುತ್ತಿವೆ, ಏನು ಮಾಡಲಿ ಎಂದು ಕೇಳಿದ್ದೀರಿ. ಗಾಜು ಬಿಸಿಯಾಗುವ ಬಗೆಯದು ಎಂದು ನೀವೇ ಬರೆದಿರುವುದರಿಂದ, ಮೊದಲು ಸಂಶಯಪಡಬೇಕಾದುದು ಅದನ್ನೇ. ಗಾಜಿನೊಳಗೆ ಹರಡಿರುವ ಕೂದಲೆಳೆಯಂಥ ಲೋಹದ ತಂತಿಗಳು 174ರಿಂದ 240 ಮೆಗಾಹರ್ಟ್ಸ್ ನಡುವಿನ ಡಿಎಬಿ ತರಂಗಗಳನ್ನು ಗಣನೀಯವಾಗಿ ಕುಂದಿಸುತ್ತವೆ. ಆದ್ದರಿಂದ ಅದೇ ಗಾಜಿನ ಮೇಲೆ ಆಂಟೆನಾವನ್ನು ಆಚೀಚೆ ಸರಿಸುತ್ತ ಶ್ರಮಪಡಬೇಡಿ. ಖರ್ಚು ಸ್ವಲ್ಪ ಹೆಚ್ಚಾದರೂ, ಚಾವಣಿಯ ಮೇಲಿನ ಆಂಟೆನಾವನ್ನು ಎಫ್‌ಎಂ ಮತ್ತು ಡಿಎಬಿ ಎರಡಕ್ಕೂ ಒದಗುವಂಥದ್ದಕ್ಕೆ ಬದಲಾಯಿಸುವುದೇ ಸರಿಯಾದ ದಾರಿ ಎಂಬುದು ನನ್ನ ದೃಢ ಅಭಿಪ್ರಾಯ.

ಅದರ ಕೇಬಲ್ಲನ್ನು ಒಳಚಾವಣಿಯ ಹೊದಿಕೆಯ ಮೇಲಿಂದ ತಂದು, ಮುಂಗಾಜಿನ ಪಕ್ಕದ ಕಂಬದ ಒಳಗಿಂದ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಇಳಿಸಬಹುದು. ಆದರೆ ಅಲ್ಲಿ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಇದ್ದರೆ, ಕೇಬಲ್ ಅದರ ಹಿಂಬದಿಯಲ್ಲೇ, ಮೊದಲೇ ಇರುವ ತಂತಿಗಳ ಕಟ್ಟಿಗೆ ಬಿಗಿದುಕೊಂಡೇ ಸಾಗಬೇಕು. ಅಪಘಾತದ ಕ್ಷಣದಲ್ಲಿ ಏರ್‌ಬ್ಯಾಗಿಗೆ ಯಾವುದೂ ಅಡ್ಡವಾಗಬಾರದು. ಹೊದಿಕೆ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಕಾರಿನ ಕೈಪಿಡಿ ಹೇಳುವಷ್ಟು ಹೊತ್ತು ದಯವಿಟ್ಟು ಕಾಯಿರಿ. ಈ ಭಾಗದಲ್ಲಿ ಸ್ವಲ್ಪವೂ ಅಳುಕಿದ್ದರೆ ಅನುಭವವುಳ್ಳ ಆಟೊ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿ.

ವಿದ್ಯುತ್ತನ್ನು ಸಿಗರೇಟ್ ಲೈಟರ್ ಸಾಕೆಟ್ಟಿನ ಬದಲು, ಕೀಲಿ ತಿರುಗಿಸಿದಾಗ ಮಾತ್ರ ಚಾಲೂ ಆಗುವ ಫ್ಯೂಸಿನಿಂದ, ಪ್ರತ್ಯೇಕ ಫ್ಯೂಸ್ ಇರುವ ಕವಲು ಹೋಲ್ಡರಿನ ಮೂಲಕ ಪಡೆದರೆ ಆ ತಂತಿಯೂ ಕಣ್ಣಿಗೆ ಬೀಳುವುದಿಲ್ಲ. ಸ್ಟೀರಿಯೊದಲ್ಲಿ ಆಕ್ಸ್ ಕಿಂಡಿ (ಹೊರಗಿನ ಸಾಧನದ ಧ್ವನಿಯನ್ನು ತಂತಿಯ ಮೂಲಕ ಪಡೆಯುವ ಕಿಂಡಿ) ಇದ್ದರೆ ಅಡಾಪ್ಟರಿನ ಧ್ವನಿಯನ್ನು ಅದಕ್ಕೇ ಕೊಡಿ. ಆ ಧ್ವನಿಯನ್ನು ತಂತಿಯಿಲ್ಲದೆ ಸ್ಟೀರಿಯೊದ ಎಫ್‌ಎಂ ರೇಡಿಯೊಗೆ ಕಳಿಸುವ ಎಫ್‌ಎಂ ಟ್ರಾನ್ಸ್‌ಮಿಟರಿಗೆ ಲಂಡನ್ನಿನಂಥ ಊರಿನಲ್ಲಿ ಖಾಲಿ ತರಂಗಾಂತರ ಸಿಗುವುದೇ ಕಷ್ಟ. ಎಂಜಿನ್ನಿನ ವೇಗಕ್ಕೆ ತಕ್ಕಂತೆ ಏರಿಳಿಯುವ ಸಿಳ್ಳು ಕೇಳಿಸಿದರೆ, ಆಕ್ಸ್ ತಂತಿಯ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ (ಇಂಥ ಸಿಳ್ಳನ್ನು ತಡೆಯುವ ಪುಟ್ಟ ಸಾಧನ) ಸೇರಿಸಿ ನೋಡಿ.