ಪಶ್ಚಿಮಕ್ಕೆ ಪೂರ್ತಿ ಗಾಜಿರುವ ಉಡುಪಿಯ ಬಾಡಿಗೆ ಕಚೇರಿಗೆ ಸೆನ್ಸರ್ ದೀಪ ಹಾಕಿಸಿದರೆ ಕರೆಂಟ್ ಬಿಲ್ ಇಳಿಯುತ್ತದೆಯೇ?

ಇಳಿಯುವುದಿಲ್ಲ. ಗಾಜನ್ನು ಹಾಗೆಯೇ ಬಿಟ್ಟು ದೀಪಕ್ಕೆ ಕೈ ಹಾಕಿದರೆ ಏರಲೂಬಹುದು, ನನಗೆ ಏರಿತ್ತು.

ಮಂಗಳೂರಿನ ಬಿಜೈಯಲ್ಲಿ ನನ್ನ ಲೆಕ್ಕಪತ್ರದ ಕಚೇರಿಯೂ ಹೀಗೆಯೇ ಕಡಲಿಗೆ ಮುಖ ಮಾಡಿತ್ತು. ಗಾಜಿನ ಒಳಬದಿಗೆ ದಪ್ಪ ಪರದೆ ಹಾಕಿಸಿದೆ. ಕೋಣೆಯ ಬೆಳಕು ನೋಡಿ ದೀಪವನ್ನು ಏರಿಸಿ ಇಳಿಸುವ ಸೆನ್ಸರನ್ನೂ ಕೂರಿಸಿದೆ. ಬಿಡಿಬಿಡಿಯಾಗಿ ಎರಡೂ ಸರಿ. ಕೂಡಿಸಿದ್ದೇ ಎಡವಟ್ಟಾಯಿತು. ಮಧ್ಯಾಹ್ನ ಮೂರರ ಬಿಸಿಲು ಮೇಜಿಗೆ ಬಿದ್ದೊಡನೆ ಹುಡುಗರು ಪರದೆ ಎಳೆಯುತ್ತಿದ್ದರು, ಕೋಣೆ ಕತ್ತಲಾಗುತ್ತಿತ್ತು, ಸೆನ್ಸರ್ ಸಂಜೆಯಾಯಿತೆಂದು ಎಲ್ಲ ದೀಪಗಳನ್ನೂ ಪೂರ್ತಿ ಉರಿಸುತ್ತಿತ್ತು. ಹೊರಗೆ ಏಪ್ರಿಲ್‌ನ ಸುಡುಬಿಸಿಲು, ಒಳಗೆ ದೀಪೋತ್ಸವ! ತಂಪಾದರೂ ಆಯಿತೇ ಎಂದರೆ ಅದೂ ಇಲ್ಲ. ಗಾಜು ದಾಟಿ ಬಂದ ಬಿಸಿಲಿಗೆ ಪರದೆ ಕಾಯುತ್ತದೆ, ಕಾದ ಪರದೆಯ ಶಾಖ ಕೋಣೆಯಲ್ಲೇ ಉಳಿಯುತ್ತದೆ, ಅದನ್ನು ಹೊರಗೆ ನೂಕಲು ಎಸಿಯೇ ದುಡಿಯಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ನೀವು ದೀಪದ ಲೆಕ್ಕ ಹಾಕುತ್ತಿರುವುದೇ ತಪ್ಪು. 20 ವಾಟ್‌ನ ಹತ್ತು ಎಲ್‌ಇಡಿ ಟ್ಯೂಬ್ ಉರಿದರೂ 200 ವಾಟ್. ಒಂದೂವರೆ ಟನ್ ಎಸಿ ಪೂರ್ತಿ ದುಡಿಯುವಾಗ ಸುಮಾರು 1500.

ಆದ್ದರಿಂದ ಬಿಸಿಲನ್ನು ಗಾಜಿನ ಹೊರಗೇ ತಡೆಯಿರಿ. ಮೇಲೊಂದು ಸಜ್ಜಾ ಎಳೆದರೆ ಸಾಲದು. ಇಳಿಬಿಸಿಲು ಸಜ್ಜಾದ ಕೆಳಗಿನಿಂದ ನೇರ ಮುಖಕ್ಕೆ ಬರುತ್ತದೆ. ನಾನು ಕೊನೆಗೆ ಲಂಬವಾದ ಅಲ್ಯೂಮಿನಿಯಂ ಪಟ್ಟಿಗಳನ್ನು ಗಾಜಿನಿಂದ ಸ್ವಲ್ಪ ದೂರಕ್ಕೆ, ಉತ್ತರದ ಕಡೆಗೆ ಓರೆಯಾಗಿ ಬಿಗಿಸಿದೆ. ಕಬ್ಬಿಣ ಅಗ್ಗವೆಂದು ಮರುಳಾಗಬೇಡಿ, ನಮ್ಮ ಉಪ್ಪುಗಾಳಿ ಅದನ್ನು ತಿಂದು ಹಾಕುತ್ತದೆ. ಪರದೆ ಎಳೆಯುವ ಕೆಲಸ ತಪ್ಪಿದ ಮೇಲೆಯೇ ಆ ಸೆನ್ಸರ್ ದೀಪಗಳನ್ನು ನಿಜಕ್ಕೂ ತಗ್ಗಿಸತೊಡಗಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಮಾತ್ರ ಮೋಡಕ್ಕೆ ದೀಪ ಉರಿಯುವುದೇ ಹೆಚ್ಚು, ಅದರಿಂದ ದೊಡ್ಡ ಉಳಿತಾಯ ನಿರೀಕ್ಷಿಸಬೇಡಿ.

ಚಲನೆ ಗುರುತಿಸುವ ಸೆನ್ಸರ್ ಮೆಟ್ಟಿಲಿಗೆ, ಶೌಚಾಲಯಕ್ಕೆ ಸಾಕು. ಮೇಜಿನ ಮೇಲೆ ಬೇಡ. ಅಲುಗಾಡದೆ ಲೆಕ್ಕ ಬರೆಯುವವರ ತಲೆಯ ಮೇಲೆ ದೀಪ ಆರಿ, ಅವರು ಗಾಳಿಯಲ್ಲಿ ಕೈ ಬೀಸುತ್ತಾ ಕೂರಬೇಕಾಗುತ್ತದೆ.

ಹೊರಗೆ ಪಟ್ಟಿ ಬಿಗಿಯಲು ಕಟ್ಟಡದ ಮಾಲೀಕರು ಒಪ್ಪದಿದ್ದರೆ, ಬಾಡಿಗೆ ಕರಾರು ಮುಗಿಯುತ್ತಲೇ ಬೇರೆ ಜಾಗ ಹುಡುಕಿ. ಪಶ್ಚಿಮಕ್ಕೆ ಕೆಂಪುಕಲ್ಲಿನ ಗೋಡೆ, ಉತ್ತರಕ್ಕೆ ಕಿಟಕಿಯಿರುವ ಹಳೆಯ ಹೆಂಚಿನ ಕಟ್ಟಡ ಸಿಕ್ಕರೆ ಮುಂಗಡ ಕೊಟ್ಟೇ ಬನ್ನಿ.