ಓದುಗರ ಪ್ರಶ್ನೆ: ಶಟ್‌ಡೌನ್ ಆದರೂ ಲಿನಕ್ಸ್ ಕಂಪ್ಯೂಟರ್ ಪೂರ್ತಿ ಆರುವುದಿಲ್ಲ, ಏಕೆ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಬಳಸುತ್ತಿದ್ದೇನೆ. ಶಟ್‌ಡೌನ್ ಕೊಟ್ಟರೆ ಪರದೆ ಕಪ್ಪಾಗುತ್ತದೆ, ಆದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಮುಂಭಾಗದ ದೀಪವೂ ಆರುವುದಿಲ್ಲ. ಪ್ರತಿ ಸಲವೂ ಪವರ್ ಬಟನ್ ಒತ್ತಿ ಹಿಡಿದೇ ಆರಿಸಬೇಕಾಗಿದೆ. ಇದರಿಂದ ಹಾರ್ಡ್ ಡಿಸ್ಕ್‌ಗೆ ಹಾನಿಯಾಗುತ್ತದೆಯೇ? ಸರಿಪಡಿಸುವುದು ಹೇಗೆ?

ಉತ್ತರ: ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಇರುವುದು ಆರುವ ಮುನ್ನ ಪರದೆಯ ಮೇಲೆ ಮೂಡುವ ಕೊನೆಯ ಸಾಲಿನಲ್ಲಿ. ಸಾಮಾನ್ಯವಾಗಿ ಆ ಸಾಲು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಬಹುತೇಕ ಲಿನಕ್ಸ್‌ಗಳು ಅದನ್ನು ಚಿತ್ರದ ಹಿಂದೆ ಮರೆಮಾಡಿರುತ್ತವೆ. ಕಂಪ್ಯೂಟರ್ ಶುರುವಾಗುವಾಗ ಲಿನಕ್ಸನ್ನು ಶುರುಮಾಡುವ ಗ್ರಬ್ ಎಂಬ ತಂತ್ರಾಂಶದ ಮೆನುವಿನಲ್ಲಿ 'ಇ' ಕೀಲಿಯನ್ನು ಒತ್ತಿ, 'ಲಿನಕ್ಸ್' ಎಂದು ಆರಂಭವಾಗುವ ಸಾಲಿನಿಂದ 'ಕ್ವೈಯಟ್' ಮತ್ತು 'ಸ್ಪ್ಲ್ಯಾಶ್' ಎಂಬ ಪದಗಳನ್ನು ಅಳಿಸಿ, ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ ಅನ್ವಯಿಸುವುದರಿಂದ ಭಯಪಡಬೇಕಾಗಿಲ್ಲ. ಬಳಿಕ ಶಟ್‌ಡೌನ್ ಕೊಟ್ಟು, ಮೇಲೇರುವ ಸಾಲುಗಳನ್ನು ಗಮನವಿಟ್ಟು ನೋಡಿ. ಓದಲಾಗದಷ್ಟು ವೇಗವಾಗಿ ಸಾಗಿದರೆ ಮೊಬೈಲಿನಲ್ಲಿ ವೀಡಿಯೊ ಮಾಡಿಕೊಳ್ಳಿ.

ಕೊನೆಯಲ್ಲಿ 'ರೀಬೂಟ್: ಪವರ್ ಡೌನ್' ಎಂದು ಬಂದು ನಿಂತರೆ ಲಿನಕ್ಸ್ ತನ್ನ ಕೆಲಸವನ್ನು ಮುಗಿಸಿದೆ ಎಂದರ್ಥ. ಅದಕ್ಕೆ ಸ್ವಲ್ಪ ಮೊದಲು ಡಿಸ್ಕಿನ ಕ್ಯಾಶ್ (ಬರೆಯಲು ತಾತ್ಕಾಲಿಕವಾಗಿ ಇಟ್ಟುಕೊಂಡ ಮಾಹಿತಿ) ಅನ್ನು ಬರೆದು ಮುಗಿಸಿದ ಸಾಲೂ, ಡಿಸ್ಕನ್ನು ನಿಲ್ಲಿಸಿದ ಸಾಲೂ ಕಾಣುವುದುಂಟು. ಈ ಹಂತದಲ್ಲಿ ಬಟನ್ ಒತ್ತಿ ಹಿಡಿದರೆ ಕಡತಗಳಿಗೆ ಹಾನಿಯಿಲ್ಲ. ಇದಕ್ಕಿಂತ ಮೊದಲೇ ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾಗ ಹಾಗೆ ಆರಿಸಿದರೆ ಬರೆಯುತ್ತಿದ್ದ ಮಾಹಿತಿ ನಷ್ಟವಾಗಬಹುದು. ಆದ್ದರಿಂದ ಕಾರಣ ತಿಳಿಯುವವರೆಗೆ ಆ ಅಭ್ಯಾಸವನ್ನು ಬಿಡಿ ಎಂದೇ ನನ್ನ ವಿನಂತಿ.

ಕೊನೆಯ ಸಾಲು 'ಸಿಸ್ಟಮ್ ಹಾಲ್ಟೆಡ್' ಎಂದಿದ್ದರೆ ದೋಷ ಹೆಚ್ಚಾಗಿ ಯಂತ್ರದ್ದಲ್ಲ, ಕೊಟ್ಟ ಆದೇಶದ್ದು. 'ಹಾಲ್ಟ್' ಎಂಬ ಆದೇಶ ಕೆಲಸಗಳನ್ನು ನಿಲ್ಲಿಸುತ್ತದೆಯೇ ಹೊರತು ವಿದ್ಯುತ್ತನ್ನು ಕಡಿಯುವುದಿಲ್ಲ. ಟರ್ಮಿನಲ್‌ನಿಂದ ಆರಿಸುವವರು 'ಸಿಸ್ಟಮ್‌ಸಿಟಿಎಲ್ ಪವರ್‌ಆಫ್' ಎಂದು ಕೊಡಬೇಕು. 'ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್' ಎಂಬ ಸಾಲಿನ ಪಕ್ಕದಲ್ಲಿ ಸೆಕೆಂಡುಗಳು ಎಣಿಕೆಯಾಗುತ್ತಿದ್ದರೆ ಯಾವುದೋ ಸೇವೆ (ಹಿನ್ನೆಲೆಯಲ್ಲಿ ಓಡುವ ತಂತ್ರಾಂಶ) ಮುಚ್ಚಿಕೊಳ್ಳಲು ಒಪ್ಪುತ್ತಿಲ್ಲ. ಅದರ ಹೆಸರು ಅದೇ ಸಾಲಿನಲ್ಲಿರುತ್ತದೆ. ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾದು ಅದನ್ನು ಬಲವಂತವಾಗಿ ಮುಗಿಸುತ್ತದೆ, ಹಾಗಾಗಿ ಅಷ್ಟು ಹೊತ್ತು ತಾಳಿ ನೋಡಿ.

ನಿಮ್ಮ ವಿವರಣೆಯನ್ನು ನೋಡಿದರೆ 'ಪವರ್ ಡೌನ್' ಬಂದು ನಿಲ್ಲುವ ಸಂಭವವೇ ಹೆಚ್ಚು ಎಂದು ತೋರುತ್ತದೆ. ಹಳೆಯ ಎಟಿ ಮಾದರಿಯ ಕಂಪ್ಯೂಟರ್‌ಗಳಲ್ಲಿ ಸ್ವಿಚ್ ನೇರವಾಗಿ ವಿದ್ಯುತ್ತನ್ನೇ ಕಡಿಯುತ್ತಿತ್ತು, ಆದ್ದರಿಂದ ತಂತ್ರಾಂಶಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ವಿನ್ಯಾಸದಲ್ಲಿ, ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡ್‌ಗೆ ಬರುವ ದಪ್ಪ ಕನೆಕ್ಟರ್‌ನಲ್ಲಿ ಒಂದು ಹಸಿರು ತಂತಿಯಿದೆ. ಮದರ್‌ಬೋರ್ಡ್ ಅದನ್ನು ಕಡಿಮೆ ವೋಲ್ಟೇಜಿನಲ್ಲಿ ಹಿಡಿದಿಟ್ಟಿರುವಷ್ಟು ಕಾಲ ಎಸ್‌ಎಂಪಿಎಸ್ ಓಡುತ್ತದೆ, ಬಿಟ್ಟೊಡನೆ ನಿಲ್ಲುತ್ತದೆ. ಬಿಡು ಎಂದು ಹೇಳಬೇಕಾದದ್ದು ಲಿನಕ್ಸ್ ತಿರುಳಾದ ಕರ್ನಲ್. ಅದು ಹೇಳುವ ಭಾಷೆಯೇ 1996ರಲ್ಲಿ ಪ್ರಕಟವಾದ ಎಸಿಪಿಐ ಮಾನದಂಡ. ಪೂರ್ತಿ ಆರಿದ ಸ್ಥಿತಿಗೆ ಅದರಲ್ಲಿ ಎಸ್5 ಎಂದು ಹೆಸರು. ಆ ಸ್ಥಿತಿಗೆ ಹೋಗಲು ಯಾವ ಸಂಖ್ಯೆಯನ್ನು ಬರೆಯಬೇಕೆಂಬುದನ್ನು ಕರ್ನಲ್ ಮದರ್‌ಬೋರ್ಡ್‌ನ ಬಯೋಸ್ (ಅದರಲ್ಲೇ ಅಡಕವಾದ ಆರಂಭಿಕ ತಂತ್ರಾಂಶ) ಕೊಟ್ಟ ಕೋಷ್ಟಕದಿಂದಲೇ ಓದಿಕೊಳ್ಳುತ್ತದೆ. ಕೋಷ್ಟಕದಲ್ಲಿ ತಪ್ಪಿದ್ದರೆ ಕರ್ನಲ್ ಎಷ್ಟೇ ಸರಿಯಾಗಿ ಬರೆದರೂ ತಂತಿ ಬಿಡುಗಡೆಯಾಗುವುದಿಲ್ಲ.

ಆದ್ದರಿಂದ ಮೊದಲು, ಹಿಂದೆಂದೋ ಬೇರೊಂದು ತೊಂದರೆಗಾಗಿ ಗ್ರಬ್‌ನಲ್ಲಿ 'ಎಸಿಪಿಐ=ಆಫ್' ಎಂದು ಸೇರಿಸಿದ್ದೀರಾ ನೋಡಿ. ನಾನು ಕಂಡ ಇಂತಹ ದೂರುಗಳಲ್ಲಿ ಹಲವಕ್ಕೆ ಮೂಲ ಇದೇ: ಪರದೆ ಸರಿಹೋಗಲೆಂದು ಯಾರೋ ಹೇಳಿದ್ದನ್ನು ಸೇರಿಸಿ ಮರೆತಿರುತ್ತಾರೆ, ಮಾತನಾಡುವ ಭಾಷೆಯನ್ನೇ ಕಳೆದುಕೊಂಡ ಕರ್ನಲ್ ಯಂತ್ರವನ್ನು ಆರಿಸಲಾರದೆ ನಿಲ್ಲುತ್ತದೆ. ಅದನ್ನು ತೆಗೆದುಹಾಕಿ. ಅದು ಇಲ್ಲದಿದ್ದರೆ ಬಯೋಸ್‌ನ ಹೊಸ ಆವೃತ್ತಿ ಬಂದಿದೆಯೇ ಎಂದು ಮದರ್‌ಬೋರ್ಡ್ ತಯಾರಕರ ಬಳಿ ವಿಚಾರಿಸಿ, ಕರ್ನಲ್ಲನ್ನೂ ನವೀಕರಿಸಿ. ಯುಎಸ್‌ಬಿ ಸಾಧನಗಳನ್ನೆಲ್ಲ ಕಳಚಿ ಒಮ್ಮೆ ಆರಿಸಿ ನೋಡುವುದೂ ಉಪಯುಕ್ತ, ಏಕೆಂದರೆ ಸಾಧನಗಳನ್ನು ನಿಲ್ಲಿಸುವ ಹಂತದಲ್ಲಿ ಒಂದು ಚಾಲಕ ತಂತ್ರಾಂಶ ಸಿಕ್ಕಿಕೊಂಡರೂ 'ಪವರ್ ಡೌನ್' ಸಾಲಿನವರೆಗೆ ಕೆಲಸ ಸಾಗುವುದಿಲ್ಲ.

ಇದೆಲ್ಲದರ ನಂತರ ಯಂತ್ರ ಆರಿದರೂ ಎರಡು ಕ್ಷಣಗಳಲ್ಲಿ ತಾನಾಗಿ ಮತ್ತೆ ಹೊತ್ತಿಕೊಂಡರೆ ಗಾಬರಿಯಾಗಬೇಡಿ. ಆಗ ಆರಿಸುವ ಭಾಗ ಸರಿಯಾಗಿದ್ದು, ನೆಟ್‌ವರ್ಕ್ ಕಾರ್ಡೋ ಯುಎಸ್‌ಬಿಯೋ ಅದನ್ನು ಎಬ್ಬಿಸುತ್ತಿರುತ್ತದೆ. ಬಯೋಸ್‌ನಲ್ಲಿ 'ವೇಕ್ ಆನ್ ಲ್ಯಾನ್' ಆಯ್ಕೆಯನ್ನು ನಿಲ್ಲಿಸಿ, 'ಇಆರ್‌ಪಿ' ಎಂಬ, ಆರಿದಾಗಿನ ವಿದ್ಯುತ್ ಬಳಕೆಯನ್ನು ತಗ್ಗಿಸುವ ಆಯ್ಕೆಯಿದ್ದರೆ ಅದನ್ನು ಚಾಲೂ ಮಾಡಿ. ಇಷ್ಟಾದರೂ ಫಲ ಕಾಣದಿದ್ದರೆ ಪರದೆಯ ಕೊನೆಯ ಹತ್ತು ಸಾಲುಗಳ ಛಾಯಾಚಿತ್ರವನ್ನೂ ಮದರ್‌ಬೋರ್ಡ್‌ನ ಮಾದರಿ ಸಂಖ್ಯೆಯನ್ನೂ ನಮಗೆ ಕಳುಹಿಸಿ.